ಮೊಲ ತಿದ್ದಿದ ನಾಯಿ

ನಮ್ಮ ಹೊಲದ ಮೊಲ ಬಿಲ ತೋಡುವುದಿಲ್ಲ. ಹಗಲೆಲ್ಲ ಹುಲ್ಲಿನ ಬುಡದಲ್ಲೋ ತೊಗರಿ ಸಾಲಿನ ಮರೆಯಲ್ಲೋ ಮೈಗೆ ತಕ್ಕಷ್ಟೇ ತಗ್ಗು ಮಾಡಿಕೊಂಡು, ಕಿವಿಗಳನ್ನು ಬೆನ್ನಿಗೆ ಒತ್ತಿ ಕೂತಿರುತ್ತದೆ. ಪಕ್ಕದಲ್ಲೇ ಹೆಜ್ಜೆ ಇಟ್ಟರೂ ಕದಲದು. ಇನ್ನೇನು ತುಳಿದೇಬಿಟ್ಟರು ಎನ್ನುವಾಗ ಚಂಗನೆ ಎದ್ದು, ನೇರ ಓಡದೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತ, ನಾಲ್ಕು ಹೊಲ ದಾಟಿ ಮರೆಯಾಗುತ್ತದೆ. ಅದರ ಮರಿಗಳು ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣು ತೆರೆದೇ ಇರುತ್ತದೆ. ಬಯಲಲ್ಲಿ ಹುಟ್ಟುವ ಜೀವಕ್ಕೆ ಕುರುಡಾಗಿ ಮಲಗಿರಲು ಪುರುಸೊತ್ತಿಲ್ಲ.

ಈ ಒಂದು ಸಂಗತಿಯನ್ನು ಹಿಡಿದುಕೊಂಡರೆ ಮುಧೋಳದ ನಾಯಿ ಯಾಕೆ ಹಾಗಿದೆ ಎನ್ನುವುದು ಬಹುಮಟ್ಟಿಗೆ ತಿಳಿಯುತ್ತದೆ. ಅದರ ಹೊಗಳಿಕೆ ನಾವು ಸಾಕಷ್ಟು ಕೇಳಿದ್ದೇವೆ. ರಾಜರ ನಾಯಿ, ಸೈನ್ಯದ ನಾಯಿ, ಪ್ರಧಾನಿ ಹೆಸರೆತ್ತಿದ ನಾಯಿ. ಅದನ್ನು ಹೀಗೆ ತಿದ್ದಿದ್ದು ಮಾತ್ರ ಮೊಲ.

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಕತೆ ಬೇರೆ. ಅಲ್ಲಿ ಜನ ಹೆಚ್ಚಾಗಿ ಹಿಡಿಯುವುದು ಬಿಲದ ಮೊಲವನ್ನು. ಅದು ಮೂಲತಃ ಸ್ಪೇನ್ ಕಡೆಯ ಪ್ರಾಣಿ, ನೆಲದೊಳಗೆ ಕವಲು ಕವಲಾಗಿ ಸುರಂಗ ಕೊರೆದು ಗುಂಪಾಗಿ ಬದುಕುತ್ತದೆ. ಅದರ ಮರಿಗಳು ಬೆತ್ತಲೆ, ಕುರುಡು. ಅದನ್ನು ಹೊರಗೆ ತರಲು ಅಲ್ಲಿನವರು ಫೆರೆಟ್ ಎಂಬ ಪುಟ್ಟ ಪ್ರಾಣಿಯನ್ನು ಸಾಕುತ್ತಾರೆ. ನೋಡಲು ನಮ್ಮ ಮುಂಗುಸಿಯ ಹಾಗೆ ಉದ್ದ ಮೈ, ಗಿಡ್ಡ ಕಾಲು. ಕುಲ ಮಾತ್ರ ಬೇರೆ. ಬಿಲದ ಬಾಯಿಗಳಿಗೆಲ್ಲ ಸಣ್ಣ ಬಲೆ ಹಾಸಿ, ಒಂದರೊಳಗೆ ಫೆರೆಟ್ ಬಿಟ್ಟರೆ ಮೊಲ ಹೆದರಿ ಇನ್ನೊಂದು ಬಾಯಿಯಿಂದ ಬಂದು ಬಲೆಗೆ ಬೀಳುತ್ತದೆ. ಬಂದೂಕು ಹಿಡಿದು ಪೊದೆ ಪೊದೆ ಸುತ್ತುವವರಿಗೆ ಸ್ಪೇನಿಯಲ್, ಪಾಯಿಂಟರ್, ರಿಟ್ರೀವರ್‌ಗಳಿವೆ. ಒಂದು ಹಕ್ಕಿ ಎಬ್ಬಿಸುತ್ತದೆ, ಒಂದು ಮೂಗು ಚಾಚಿ ನಿಂತು ತೋರಿಸುತ್ತದೆ, ಇನ್ನೊಂದು ಬಿದ್ದ ಹಕ್ಕಿಯನ್ನು ಹಲ್ಲು ತಾಗಿಸದೆ ತಂದು ಯಜಮಾನನ ಕೈಗಿಡುತ್ತದೆ. ಅಲ್ಲಿ ಕೊಲ್ಲುವುದು ಗುಂಡು, ನಾಯಿ ಅದರ ಸೇವಕ. ಗುಂಡಿನ ಅಳತೆಯಿಂದಾಚೆ ಓಡಿದ ಸ್ಪೇನಿಯಲ್‌ಗೆ ಬೈಗುಳವೇ ಗತಿ.

ನಮ್ಮ ಕಡೆ ಬಿಲವಿಲ್ಲದ ಮೊಲಕ್ಕೆ ಫೆರೆಟ್ ಉಪಯೋಗವಿಲ್ಲ. ಬಂದೂಕಂತೂ ಬಡವರ ಕೈಯಲ್ಲಿ ಉಳಿಯಲೇ ಇಲ್ಲ. ಆ ಕತೆ ಮುಂದೆ ಬರುತ್ತದೆ. ಹಾಗಾಗಿ ಬಯಲಿನಲ್ಲಿ ಎದ್ದ ಮೊಲವನ್ನು ಕಣ್ಣಿಂದ ನೋಡಿ, ಬೆನ್ನಟ್ಟಿ, ತಾನೇ ಹಿಡಿದು, ತಾನೇ ಕೊಲ್ಲುವ ನಾಯಿ ಬೇಕಾಯಿತು. ಹುಡುಕಲು ಹೊರಟ ಮನುಷ್ಯನ ಕೆಲಸ ಮೊಲ ಏಳುವವರೆಗೆ ಮಾತ್ರ. ಆಮೇಲೆ ಅವನು ಹಿಂದೆ ಹಿಂದೆ ಏದುಸಿರು ಬಿಡುತ್ತ ಓಡಬೇಕು, ಅಷ್ಟೇ.

ಆ ಮೈಕಟ್ಟನ್ನು ನೋಡಿ. ಗಂಡಿನ ಎತ್ತರ ಭುಜದವರೆಗೆ ಸುಮಾರು 68ರಿಂದ 72 ಸೆಂಟಿಮೀಟರ್, ಹೆಣ್ಣು ಅದಕ್ಕಿಂತ ತುಸು ಕಡಿಮೆ. ತೂಕ ಮಾತ್ರ ಇಪ್ಪತ್ತೈದು ಕಿಲೋ ಆಸುಪಾಸು. ಎದೆಗೂಡು ಆಳ, ಅದರಲ್ಲಿ ದೊಡ್ಡ ಗುಂಡಿಗೆ, ಪುಪ್ಪುಸ. ಹೊಟ್ಟೆ ಬೆನ್ನಿಗೆ ಹತ್ತಿದಂತೆ ಮೇಲಕ್ಕೆ ಸರಿದಿದೆ. ತಲೆ ಉದ್ದ, ಕಿರಿದು. ಕಣ್ಣುಗಳು ಬದಿಗೆ ಸರಿದಿರುವುದರಿಂದ ಎರಡೂ ಪಕ್ಕದ ಬಯಲು ಒಟ್ಟಿಗೆ ಕಾಣುತ್ತದೆ. ಜೋರಾಗಿ ಓಡುವಾಗ ಬೆನ್ನುಮೂಳೆ ಬಿಲ್ಲಿನಂತೆ ಬಾಗಿ ಬಿಡುತ್ತದೆ, ಒಂದೊಂದು ದಾಪುಗಾಲಿನಲ್ಲಿ ನಾಲ್ಕೂ ಕಾಲು ಎರಡೆರಡು ಸಲ ನೆಲ ಬಿಟ್ಟಿರುತ್ತವೆ. ಕುದುರೆಯ ನಾಗಾಲೋಟದಲ್ಲಿ ಹಾಗೆ ಆಗುವುದು ಒಂದೇ ಸಲ. ಹಾಗಿದ್ದೂ ಮೊಲ ಹಲವು ಸಲ ತಪ್ಪಿಸಿಕೊಳ್ಳುತ್ತದೆ. ನಾಯಿಯ ವೇಗವೇ ಅದಕ್ಕೆ ಶತ್ರು: ಮೊಲ ಗಕ್ಕನೆ ತಿರುಗಿದರೆ ನಾಯಿ ಹತ್ತಾರು ಮಾರು ಮುಂದೆ ಹೋಗಿ ಹೊರಳಬೇಕು. ಅದಕ್ಕೇ ಬೇಟೆಗಾರರು ಜೋಡಿ ಬಿಡುತ್ತಿದ್ದದ್ದು. ಒಂದು ತಿರುಗಿಸುತ್ತದೆ, ಇನ್ನೊಂದು ಅಡ್ಡ ಹಾಕುತ್ತದೆ.

ಬೇಟೆನಾಯಿಯ ಮೇಲಿನ ಮೋಹ ಕನ್ನಡ ನೆಲಕ್ಕೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949-50ರ ಶಾಸನವೊಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನಿಗೆ ಗಂಗರ ಬೂತುಗ ಮೆಚ್ಚಿ ಏನು ಬೇಕೆಂದಾಗ, ಆತ ಊರು ಉಂಬಳಿ ಬಿಟ್ಟು ಅರಸನ ‘ಕಾಳಿ’ ಎಂಬ ನಾಯಿಯನ್ನು ಕೇಳಿದ. ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ನಾಯಿಗೆ ಕಲ್ಲು ನಿಂತಿತು, ಪೂಜೆಗೆಂದು ಭೂಮಿ ದತ್ತಿಯಾಯಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲೂ ಅರಸರ ವಿನೋದಗಳ ನಡುವೆ ‘ಸಾರಮೇಯ ವಿನೋದ’ ಎಂಬ ನಾಯಿಗಳದೇ ಅಧ್ಯಾಯವಿದೆ.

ಆದರೆ ಮುಧೋಳದ ನಾಯಿ ಅರಮನೆಯಲ್ಲಿ ಹುಟ್ಟಿದ್ದಲ್ಲ. ಪಶ್ಚಿಮ ಏಷ್ಯಾದ ಸಲೂಕಿಯಂಥ ಓಟದ ನಾಯಿಗಳು ಸೈನ್ಯ, ವ್ಯಾಪಾರಿ ತಂಡಗಳ ಜೊತೆ ದಖ್ಖನಿಗೆ ಬಂದು ಇಲ್ಲಿನ ನಾಯಿಗಳೊಡನೆ ಬೆರೆತವು ಎನ್ನುವುದು ಸಾಮಾನ್ಯ ಅಭಿಪ್ರಾಯ. ಗಡಿಯಾಚೆ ಮಹಾರಾಷ್ಟ್ರದಲ್ಲಿ ಇದೇ ನಾಯಿಗೆ ಕಾರವಾನ್ ಎನ್ನುತ್ತಾರೆ. ಕಿವಿ, ಬಾಲಕ್ಕೆ ರೇಷ್ಮೆ ಕೂದಲಿರುವ ಬಗೆಗೆ ಪಶ್ಮಿ. ಇದನ್ನು ತಲೆಮಾರುಗಳ ಕಾಲ ಆರಿಸಿ, ಕೂಡಿಸಿ, ಕೆಲಸಕ್ಕೆ ಬಾರದ್ದನ್ನು ಬಿಟ್ಟು ಉಳಿಸಿಕೊಂಡವರು ಬೇಡರು, ಕುರಿಗಾರರು, ಹೊಲದ ಜನ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಆಳಿದ ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆ ಅದನ್ನು ಅವರಲ್ಲಿ ಕಂಡು, ಅರಮನೆಯಲ್ಲಿ ತಳಿ ಬೆಳೆಸಿದರು. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಕೊಟ್ಟರು, ‘ಮುಧೋಳ ಹೌಂಡ್’ ಹೆಸರು ನಿಂತಿದ್ದು ಅಲ್ಲಿಂದ ಎಂದು ಹೇಳಿಕೆ. ಹೆಸರು ಅರಸರ ಊರಿನದಾಯಿತು, ಸಾಕಿದವರದಾಗಲಿಲ್ಲ. 1948ರಲ್ಲಿ ಮುಧೋಳ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಲೀನವಾಯಿತು.

ಅಂದಹಾಗೆ, ಘೋರ್ಪಡೆ ಮನೆತನದ ಹೆಸರೇ ಒಂದು ಪ್ರಾಣಿಯದು. ಪೂರ್ವಜನೊಬ್ಬ ಬಹಮನಿ ಸೈನ್ಯದಲ್ಲಿದ್ದಾಗ ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆಗೋಡೆ ಹತ್ತಿದನೆಂದು ಪ್ರತೀತಿ. ಮರಾಠಿಯಲ್ಲಿ ಉಡಕ್ಕೆ ಘೋರ್ಪಡ್. ಫೆರೆಟ್ ಬಿಲಕ್ಕಿಳಿಸುವವರ ಮುಂದೆ ಉಡವನ್ನು ಗೋಡೆ ಹತ್ತಿಸಿದವರು ಕಡಿಮೆಯೇನಲ್ಲ. ಕತೆ ನಿಜವೇ ಆಗಿದ್ದರೆ ಆ ಉಡಕ್ಕೂ ಒಂದು ಕಲ್ಲು ನೆಡಬೇಕಿತ್ತು.

ಬಂದೂಕಿನ ಮಾತು ಉಳಿಯಿತು. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆ ತಂದು, ಆಯುಧ ಇಟ್ಟುಕೊಂಡವರೆಲ್ಲ ನೋಂದಾಯಿಸಬೇಕು, ಇಲ್ಲವೇ ಒಪ್ಪಿಸಬೇಕು ಎಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ತಿರುಗಿಬಿದ್ದರು. ಆಯುಧವೇ ಅವರ ಅನ್ನ, ಅವರ ಮಾನ. ಆ ನವೆಂಬರ್ ಕೊನೆಯಲ್ಲಿ ಸೈನ್ಯ ಊರಿಗೆ ನುಗ್ಗಿ ಬೆಂಕಿ ಹಚ್ಚಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನು, 14ರಂದು ಹಲಗಲಿಯಲ್ಲೇ 6 ಜನರನ್ನು ಗಲ್ಲಿಗೇರಿಸಿದರು. ಈ ದಂಗೆಯ ಲಾವಣಿಯನ್ನು ಕುರ್ತಕೋಟಿ ಕಲ್ಮೇಶನ ಅಂಕಿತದಲ್ಲಿ ಹಾಡುತ್ತಿದ್ದರು. ಬ್ರಿಟಿಷ್ ಅಧಿಕಾರಿ ಜಾನ್ ಫ್ಲೀಟ್ ಬರೆದುಕೊಂಡು ಪ್ರಕಟಿಸಿದ್ದರಿಂದ ನಮ್ಮ ಪಠ್ಯಪುಸ್ತಕದವರೆಗೆ ಬಂತು. ಮುಂದೆ 1878ರ ಶಸ್ತ್ರಾಸ್ತ್ರ ಕಾಯ್ದೆ ಬಂದ ಮೇಲೆ ಬಂದೂಕಿಗೆ ಪರವಾನಗಿ ಬೇಕಾಯಿತು. ನಾಯಿಗೆ ಯಾವ ಪರವಾನಗಿಯೂ ಬೇಡ. ನಾಯಿ ಆ ದಂಗೆಗಿಂತ ಹಳೆಯದು, ಸಂದೇಹವಿಲ್ಲ. ಆದರೆ ಆಯುಧ ಕಳೆದುಕೊಂಡ ಊರುಗಳಲ್ಲಿ ಅದಕ್ಕೆ ಮರ್ಯಾದೆ ಇನ್ನಷ್ಟು ಏರಿದ್ದರೆ ನನಗೆ ಅಚ್ಚರಿಯಿಲ್ಲ. ರೊಟ್ಟಿ, ನುಚ್ಚು ತಿಂದು, ಮಿಕ್ಕರೆ ಹಾಲು ಕುಡಿದು ಬದುಕುವ, ಸದ್ದಿಲ್ಲದೆ ಕೆಲಸ ಮುಗಿಸುವ ಇನ್ನೊಂದು ಆಯುಧ ಎಲ್ಲಿತ್ತು?

ಬೇಟೆ ನಿಂತಿದ್ದು ಕಾನೂನಿನಿಂದ ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲು ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿಯ ದಾರಿ ಇಟ್ಟಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಇವತ್ತು ನಾಯಿ ಬಿಟ್ಟು ಮೊಲ ಹಿಡಿಸಿದರೆ, ಅದು ಹಬ್ಬದ ಬೇಟೆಯೇ ಇರಲಿ, ಜೈಲಿಗೆ ಹೋಗುವ ಅಪರಾಧ. ಬೀಳಗಿ–ಮುಧೋಳದ ಕುರುಚಲು ಗುಡ್ಡಗಳ ನಡುವೆ ಸುಮಾರು 96 ಚದರ ಕಿಲೋಮೀಟರಿನ ಯಡಹಳ್ಳಿ ಚಿಂಕಾರ ಧಾಮವಿದೆ. ಚಿಂಕಾರ ಎಂಬ ಪುಟ್ಟ ಹುಲ್ಲೆ ಮೊಲಕ್ಕಿಂತ ದೊಡ್ಡದಾದರೂ ನಾಯಿಯ ಹಿಂಡಿನ ಮುಂದೆ ಅಷ್ಟೇ ಅಸಹಾಯಕ. ಅಂಥ ಕಡೆ ಬೇಟೆನಾಯಿಯನ್ನು ಸಡಿಲ ಬಿಡುವವರ ಮೇಲೆ ನನಗೆ ಯಾವ ಕರುಣೆಯೂ ಇಲ್ಲ, ಪರಂಪರೆಯ ಹೆಸರು ಹೇಳಿದರೂ.

ಉಳಿದರ್ಧ ನಿಜ ಕಬ್ಬಿನಲ್ಲಿದೆ. ಘಟಪ್ರಭೆಯ ಹಿಡಕಲ್ ಅಣೆಕಟ್ಟೆ, ಅದರ ಕಾಲುವೆಗಳು, ಆಮೇಲೆ ಬೋರ್‌ವೆಲ್ಲು. ಜೋಳ, ಕಡಲೆ, ಕುಸುಬಿ ಬೆಳೆಯುತ್ತಿದ್ದ ಎರಿ ನೆಲ ಹಸಿರು ಗೋಡೆಯಾಯಿತು. ಮಹಾಲಿಂಗಪುರದ ಬೆಲ್ಲದ ಪೇಟೆ ಬೆಳೆದದ್ದೂ ಸುತ್ತ ಸಕ್ಕರೆ ಕಾರ್ಖಾನೆಗಳು ಎದ್ದದ್ದೂ ಆ ನೀರಿನಿಂದಲೇ. ಒಳ್ಳೆಯದೇ ಆಯಿತು, ಯಾರೂ ಇಲ್ಲವೆನ್ನರು. ಆದರೆ ಕಣ್ಣಿಂದ ಬೇಟೆಯಾಡುವ ನಾಯಿಗೆ ಆಳೆತ್ತರದ ಕಬ್ಬೆಂದರೆ ಕತ್ತಲು. ಮೊಲ ಒಂದು ಸಾಲಿನೊಳಗೆ ನುಸುಳಿದರೆ ಮುಗಿಯಿತು, ಬೆನ್ನಟ್ಟಲು ಕಾಣುವುದಾದರೂ ಏನು? ಸುಗ್ಗಿ ಮುಗಿದ ಮೇಲೆ ಕೊಯ್ದ ಜೋಳದ ಕೂಳೆ ಬಿಟ್ಟು ಇನ್ನೇನೂ ಇಲ್ಲದ, ಕಣ್ಣು ಹಾಯುವವರೆಗೂ ಬಯಲಾದ ನೆಲದಲ್ಲಿ ಈ ನಾಯಿ ಆಕಾರ ಪಡೆದದ್ದು. ಆ ನೆಲ ವರ್ಷದಿಂದ ವರ್ಷಕ್ಕೆ ಕಡಿಮೆಯಾಯಿತು. ಈಗ ಕಬ್ಬು ಕಡಿಯುವಾಗ ಕೊನೆಯ ಸಾಲುಗಳಲ್ಲಿ ಅಡಗಿದ ಹಂದಿ, ಮೊಲ ಹೊರಬಿದ್ದರೆ ಅಷ್ಟೇ ಗದ್ದಲ.

ಕೆಲಸ ಹೋದ ಮೇಲೂ ನಾಯಿ ಉಳಿದದ್ದು ಹೊಸ ಗಿರಾಕಿಗಳಿಂದ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳದ ಪಕ್ಕದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ನಡೆಸುತ್ತದೆ, ರೈತರಿಗೆ ಮರಿ ಕೊಟ್ಟು ಸಾಕಿಸುತ್ತದೆ. 2005ರಲ್ಲಿ ಅಂಚೆ ಇಲಾಖೆ ದೇಶಿ ನಾಯಿಗಳ ನಾಲ್ಕು ಚೀಟಿ ತಂದಾಗ ಇದೂ ಒಂದಾಗಿತ್ತು. 2016ರಲ್ಲಿ ಸೈನ್ಯ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟಿತು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯ ‘ಮನ್ ಕೀ ಬಾತ್’ನಲ್ಲಿ ಹೆಸರು ಬಂತು, ಬೆಂಗಳೂರಿನಿಂದ ಮರಿ ಕೇಳುವ ಫೋನುಗಳು ಹೆಚ್ಚಿದವು. ರಾಷ್ಟ್ರೀಯ ತಳಿ ನೋಂದಣಿಯಲ್ಲಿ ತಮಿಳುನಾಡಿನ ರಾಜಪಾಳಯಂ, ಚಿಪ್ಪಿಪಾರೈಗಳ ಜೊತೆ ಇದಕ್ಕೂ ಜಾಗ ಸಿಕ್ಕಿತು.

ಇಲ್ಲೇ ನನಗೊಂದು ತಕರಾರು. ಮೂಸಿ ಬಾಂಬು ಹುಡುಕುವುದರಲ್ಲಿ ಲ್ಯಾಬ್ರಡಾರ್‌ನಷ್ಟು ಚುರುಕಿಲ್ಲ, ಹೇಳಿದ ಮಾತಿಗೆ ಜರ್ಮನ್ ಶೆಫರ್ಡ್‌ನಂತೆ ಕೂಡಲೇ ಕೂರುವುದಿಲ್ಲ ಎಂದು ಕೆಲವರು ಮೂಗು ಮುರಿಯುತ್ತಾರೆ. ಕೂರದಿದ್ದರೆ ತಪ್ಪು ಯಾರದು? ಲ್ಯಾಬ್ರಡಾರ್ ಬಂದೂಕಿನ ಪಕ್ಕ ಅಪ್ಪಣೆಗೆ ಕಾಯುತ್ತ ತಲೆಮಾರು ಕಳೆದ ನಾಯಿ. ಇದು ಮೊಲ ಎದ್ದ ಕ್ಷಣಕ್ಕೆ ಯಾರನ್ನೂ ಕೇಳದೆ ತಾನೇ ತೀರ್ಮಾನಿಸಿ ಓಡಬೇಕಾಗಿದ್ದ ನಾಯಿ. ಅಪರಿಚಿತರು ಮೈ ಮುಟ್ಟಿದರೆ ಹಿಂದೆ ಸರಿಯುತ್ತದೆ, ಒಬ್ಬ ಯಜಮಾನನ ಕೈಯಿಂದ ಇನ್ನೊಬ್ಬನಿಗೆ ದಾಟಿಸುವುದನ್ನು ಸಹಿಸುವುದಿಲ್ಲ. ಕಣ್ಣಿನ ನಾಯಿಯನ್ನು ಮೂಗಿನ ಪರೀಕ್ಷೆಗೆ ಕೂರಿಸಿ ನಪಾಸು ಮಾಡುವುದು ಯಾವ ನ್ಯಾಯ?

ಅದಕ್ಕೆ ಒಪ್ಪುವ ಕೆಲಸ ಕೊಟ್ಟವರು ವಾಯುಪಡೆಯವರು. 2021ರಲ್ಲಿ ತಿಮ್ಮಾಪುರದಿಂದ ನಾಲ್ಕು ಮರಿಗಳು ಆಗ್ರಾ ವಾಯುನೆಲೆಗೆ ಹೋದವು, ರನ್‌ವೇ ಮೇಲೆ ಬಂದು ಕೂರುವ ಹಕ್ಕಿ, ಪ್ರಾಣಿಗಳನ್ನು ಓಡಿಸಲು. ಮರೆಯಿಲ್ಲದ ಬಯಲು, ದೂರದ ಚಲನೆ ಕಾಣುವ ಕಣ್ಣು, ಒಂದೇ ಉಸಿರಿನ ಓಟ, ಕೊಲ್ಲುವ ಅಗತ್ಯವಿಲ್ಲ. ಎರಿ ಹೊಲ ಕಳೆದುಕೊಂಡ ನಾಯಿಗೆ ಡಾಂಬರಿನ ಎರಿ ಹೊಲ.

ಆದರೆ ಎಷ್ಟು ವಾಯುನೆಲೆಗಳಿವೆ? ಹುಟ್ಟುವ ಮರಿಗಳಲ್ಲಿ ಹೆಚ್ಚಿನವು ಹೋಗುವುದು ಮನೆಯ ಕಾಂಪೌಂಡಿಗೆ, ತೋಟದ ಕಾವಲಿಗೆ, ಪ್ರದರ್ಶನದ ಕಣಕ್ಕೆ. ಅಲ್ಲಿ ಬಣ್ಣ, ಎತ್ತರ, ಕತ್ತಿನ ಬಾಗು ನೋಡುತ್ತಾರೆ. ಓಡಿಸಿ ನೋಡುವವರಿಲ್ಲ. ಬೇಡರ ಕಾಲದಲ್ಲಿ ತಳಿ ಆರಿಸುತ್ತಿದ್ದವನು ಮೊಲ; ಅವನು ಲಂಚ ತಿನ್ನುತ್ತಿರಲಿಲ್ಲ. ಈಗ ಆರಿಸುವುದು ಮೊಬೈಲಿನ ಫೋಟೊ. ಒಂದು ಗುಣಕ್ಕಾಗಿ ಆರಿಸುವುದನ್ನು ಬಿಟ್ಟರೆ ಕೆಲವೇ ತಲೆಮಾರುಗಳಲ್ಲಿ ಆ ಗುಣ ಸಡಿಲಗೊಳ್ಳುತ್ತದೆ ಎನ್ನುವುದು ಎತ್ತು ಸಾಕಿದ ಯಾವ ರೈತನಿಗೂ ಗೊತ್ತು. ಟ್ರ್ಯಾಕ್ಟರ್ ಬಂದ ಮೇಲೆ ಕಿಲಾರಿ ಎತ್ತಿನ ಗತಿ ಏನಾಯಿತೆಂದು ಅವರು ನೋಡಿದ್ದಾರೆ.

ನಮ್ಮ ಜಾತ್ರೆಗಳಲ್ಲಿ ನಡೆಯುವ ನಾಯಿ ಓಟದ ಸ್ಪರ್ಧೆಗಳನ್ನು ಪಟ್ಟಣದವರು ಹಗುರವಾಗಿ ನೋಡುತ್ತಾರೆ. ನನಗೆ ಪ್ರದರ್ಶನಕ್ಕಿಂತ ಅವೇ ಮೇಲು ಅನಿಸುತ್ತದೆ, ಜೀವಂತ ಮೊಲ ಬಿಡದೆ ಬಟ್ಟೆಯ ಗಂಟು ಎಳೆದು ಓಡಿಸುವುದಾದರೆ. ಗಂಟನ್ನು ನೇರ ಎಳೆಯದೆ, ರಾಟೆಗಳಿಂದ ಎಡಬಲಕ್ಕೆ ತಿರುಗುವಂತೆ ಮಾಡಿದರೆ ಇನ್ನೂ ಒಳ್ಳೆಯದು. ವಿದೇಶದಲ್ಲಿ ಓಟದ ನಾಯಿಗಳನ್ನು ಹೀಗೇ ಪರೀಕ್ಷಿಸುತ್ತಾರೆ. ಬೇಕಾದದ್ದು ಒಂದು ಮೋಟರ್, ಒಂದಷ್ಟು ಹಗ್ಗ, ನಾಲ್ಕಾರು ಎಕರೆ ಕೂಳೆ ಹೊಲ. ತಿಮ್ಮಾಪುರದ ಕೇಂದ್ರ ಮರಿ ಕೊಡುವಾಗ ತಾಯಿತಂದೆಯ ಎತ್ತರ, ಬಣ್ಣದ ಜೊತೆ ಇಂಥ ಓಟದ ದಾಖಲೆಯನ್ನೂ ಕೊಡುವಂತಾಗಬೇಕು, ಕೊಳ್ಳುವವರೂ ಅದನ್ನು ಕೇಳಿ ಪಡೆಯಬೇಕು.