ಕುರ್ಚಿ ಯಾರ ಅಳತೆಗೆ?

ಅರಬ್ಬೀ ಮೂಲದಿಂದ ಕನ್ನಡಕ್ಕೆ ಬಂದ ಕುರ್ಚಿ ಎಂಬ ಶಬ್ದಕ್ಕೆ ನಮ್ಮಲ್ಲಿ ಎರಡು ಅರ್ಥಗಳಿವೆ. ಒಂದು ಕೂರುವ ಆಸನ, ಇನ್ನೊಂದು ಅಧಿಕಾರ. ಕುರ್ಚಿಗೆ ಅಂಟಿಕೊಂಡವರೆಂದು ಒಬ್ಬರನ್ನು ಕುರಿತು ಆಡುವಾಗ ಮರದ ಸಾಮಾನು ಯಾರ ಮನಸ್ಸಿನಲ್ಲಿಯೂ ಇರುವುದಿಲ್ಲ. ಹಂಪೆಯ ಮಹಾನವಮಿ ದಿಬ್ಬವನ್ನು ಕಂಡವರಿಗೆ ಈ ಎರಡನೆಯ ಅರ್ಥದ ಬೇರು ಎಷ್ಟು ಹಳೆಯದೆಂಬುದು ಹೊಳೆದೀತು. ಅರಸನಿಗೆ ಎತ್ತರದ ಪೀಠ ಸಲ್ಲುವ ಲೋಕ ಅದು.

ಆದರೆ, ಕೇಳುಗರೆ, ಕೂರುವುದೇ ದುಡಿಮೆಯಾದವರ ಪಾಡೇನು? ಸಂಡೂರು ತಾಲ್ಲೂಕಿನ ವಡ್ಡು ಗ್ರಾಮದ ಸುತ್ತಿನಲ್ಲಿ ಈ ಪ್ರಶ್ನೆಗೆ ಅರ್ಥವಿದೆ. ನೆರೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಇಂದಿರಾ ಗಾಂಧಿಯವರು ಅಡಿಗಲ್ಲಿಟ್ಟದ್ದು 1971ರಲ್ಲಿ. ಅಲ್ಲಿ ಕಾರ್ಖಾನೆ ಮೈದಳೆದದ್ದು 1990ರ ದಶಕದಲ್ಲಿ, ಜಿಂದಾಲ್ ಸಂಸ್ಥೆಯ ಕೈಯಲ್ಲಿ. ಉಕ್ಕಿನ ಕೆಲಸವೆಂದರೆ ಬೆಂಕಿಯ ಮುಂದಿನ ದುಡಿಮೆಯಷ್ಟೇ ಅಲ್ಲ. ನಿಯಂತ್ರಣ ಕೊಠಡಿಯಲ್ಲಿ, ಲೆಕ್ಕಪತ್ರದ ಮೇಜಿನಲ್ಲಿ ಪಾಳಿಯುದ್ದಕ್ಕೂ ಕಂಪ್ಯೂಟರಿನ ಪರದೆ ನೋಡುತ್ತ ಕೂರುವವರೂ ಇದ್ದಾರೆ. ಹೊಲದಲ್ಲಿ ಬಗ್ಗಿ ದುಡಿದ ಹಿರಿಯರ ಕಣ್ಣಿಗೆ ಅದು ಸುಖದ ಕೆಲಸ. ಕೂತವರ ಬೆನ್ನು ಬೇರೆಯೇ ಮಾತು ಹೇಳುತ್ತದೆ.

ನಿಂತಾಗ ಸೊಂಟದ ಬಳಿ ಬೆನ್ನೆಲುಬು ತುಸು ಒಳಕ್ಕೆ ಬಾಗಿರುತ್ತದೆ. ಆಸರೆಯಿಲ್ಲದೆ ಕುಳಿತಾಗ ಸೊಂಟದ ಮೂಳೆ ಹಿಂದಕ್ಕೆ ಹೊರಳಿ ಆ ಬಾಗು ಸಮತಟ್ಟಾಗುತ್ತದೆ. ಬೆನ್ನಿನ ಮಣಿಗಳ ನಡುವಣ ಮೆತ್ತೆಗಳ ಮೇಲೆ ಒತ್ತಡ ಏರುತ್ತದೆ. ಆದ್ದರಿಂದಲೇ ಒಳ್ಳೆಯ ಕುರ್ಚಿಯ ಒರಗು ಸೊಂಟದ ನೇರಕ್ಕೆ ಉಬ್ಬಿರುತ್ತದೆ. ಪಾದಗಳು ನೆಲಕ್ಕೆ ಪೂರ್ತಿ ಊರಬೇಕು. ಆಸನದ ಅಂಚಿಗೂ ಮಂಡಿಯ ಹಿಂಬದಿಗೂ ನಡುವೆ ಎರಡು ಮೂರು ಬೆರಳಿನ ತೆರಪಿರಬೇಕು. ಪಕ್ಕದ ಕಡತಕ್ಕೆ ಕೈಚಾಚುವಾಗ ಸೊಂಟವನ್ನು ತಿರುಚದೆ ಮೈಯೆಲ್ಲ ಒಟ್ಟಾಗಿ ತಿರುಗಲೆಂದೇ ಕುರ್ಚಿಗೆ ತಿರುಗಣೆ. ನಾಲ್ಕರ ಬದಲು ಐದು ಕಾಲುಗಳಿರುವುದು ಅದು ಸುಲಭವಾಗಿ ಮಗುಚಬಾರದೆಂದು.

ಅಮೆರಿಕದ ಥಾಮಸ್ ವಾರನ್ ರೂಪಿಸಿದ ಸ್ಪ್ರಿಂಗಿನ ತಿರುಗುಕುರ್ಚಿಯನ್ನು 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಜನ ಕಂಡರು. ಕೆಲಸವನ್ನು ಮನುಷ್ಯನಿಗೆ ಹೊಂದಿಸುವ ಶಾಸ್ತ್ರಕ್ಕೆ ಎರ್ಗೊನಾಮಿಕ್ಸ್ ಎಂಬ ಹೆಸರು 1857ರಲ್ಲಿ ಪೋಲೆಂಡಿನ ವಿದ್ವಾಂಸರೊಬ್ಬರಿಂದ ಬಂತು. ಗ್ರೀಕಿನಲ್ಲಿ ಎರ್ಗಾನ್ ಎಂದರೆ ಕೆಲಸ, ನೊಮೊಸ್ ಎಂದರೆ ನಿಯಮ. ಹೊಂದಿಸಬೇಕಾದರೆ ಮೊದಲು ಅಳೆಯಬೇಕಷ್ಟೆ. ಭಾರತೀಯರ ದೇಹದ ಅಳತೆಗಳನ್ನು ಕಲೆಹಾಕಿದ ದೇಬಕುಮಾರ್ ಚಕ್ರವರ್ತಿಯವರ ಗ್ರಂಥವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ಹೊರತಂದಿತು. ಪರದೇಶದ ನೀಳಕಾಯರ ಅಳತೆಗೆ ಮಾಡಿದ ಕುರ್ಚಿಯಲ್ಲಿ ನಮ್ಮ ಗಿಡ್ಡ ಮೈಯ ಹೆಣ್ಣುಮಗಳ ಕಾಲು ನೆಲ ಮುಟ್ಟದೆ ತೂಗಾಡಿದರೆ, ಅದು ಎಷ್ಟು ಬೆಲೆಯದಾದರೇನು?

ನಮ್ಮ ಕಚೇರಿಗಳ ವಾಡಿಕೆಯನ್ನು ನೋಡಿ. ಎತ್ತರದ ಒರಗಿನ ತಿರುಗುಕುರ್ಚಿ ಸಭೆಗಳಿಗೆ ಓಡಾಡುವ ಅಧಿಕಾರಿಗೆ; ದಿನವಿಡೀ ಏಳದೆ ಬೆರಳಚ್ಚಿಸುವವರಿಗೆ ಕಾಲು ಅಲುಗುವ ಹಳೆಯ ಆಸನ. ಶಬ್ದದ ಎರಡನೆಯ ಅರ್ಥ ಮೊದಲನೆಯದನ್ನು ನುಂಗಿದ ಪರಿ ಇದು. ಕೂರುವುದು ದುಡಿಯುವವರ ಅಗತ್ಯವೆಂದು ಕಾನೂನಿಗೆ ತಿಳಿಯದೆ ಇಲ್ಲ. ನಿಂತು ದುಡಿಯುವವರಿಗೆ ಬಿಡುವು ಸಿಕ್ಕಾಗ ಕೂರಲು ಏರ್ಪಾಡಿರಬೇಕೆಂದು 1948ರ ಕಾರ್ಖಾನೆಗಳ ಅಧಿನಿಯಮ ಹೇಳಿತ್ತು. ಅಂಗಡಿಯ ನೌಕರರಿಗೆ ಆ ಹಕ್ಕನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕೊಟ್ಟವು.

ಎಂಥ ಕುರ್ಚಿಯೂ ನಡಿಗೆಗೆ ಬದಲಿಯಲ್ಲ. ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕಲೇಬೇಕು. ಮುಂದಿನ ಸಲ ಕಚೇರಿಗೆ ಕುರ್ಚಿ ಕೊಳ್ಳುವವರು, ಇಲ್ಲಿ ಹೆಚ್ಚು ಹೊತ್ತು ಕೂರುವವರು ಯಾರು ಎಂದು ಮೊದಲು ಕೇಳಲಿ. ಆಮೇಲೆ ಅವರ ಕಾಲಿನ ಅಳತೆ ತೆಗೆದುಕೊಳ್ಳಲಿ.