ನೋವಿನ ಮಾತ್ರೆಯೂ ಮೈಮೇಲಿನ ಗಂಧೆಯೂ



ಸೊಂಟನೋವೆಂದು ಬೆಳಿಗ್ಗೆ ಔಷಧಿ ಅಂಗಡಿಯಿಂದ ಒಂದು ಮಾತ್ರೆ ತಂದು ನುಂಗುತ್ತೇವೆ. ಮಧ್ಯಾಹ್ನದ ಹೊತ್ತಿಗೆ ಮೈತುಂಬ ಗಂಧೆ ಏಳುತ್ತದೆ, ತುರಿಕೆ ತಡೆಯಲಾಗುವುದಿಲ್ಲ, ತುಟಿ ದಪ್ಪವಾಗುತ್ತದೆ. ಮನೆಯವರು “ನಿನ್ನೆ ತಿಂದ ಬದನೆಕಾಯಿ ನಂಜಾಯಿತು” ಎನ್ನುತ್ತಾರೆ. ಇಲ್ಲವೇ “ಪಿತ್ತ ಕೆರಳಿದೆ” ಎಂದು ಕಂಬಳಿಯಿಂದ ಮೈ ಉಜ್ಜುತ್ತಾರೆ. ಬೆಳಗಿನ ಮಾತ್ರೆ ಯಾರಿಗೂ ನೆನಪಾಗುವುದಿಲ್ಲ. ಮುಂದಿನ ತಿಂಗಳು ನೋವು ಬಂದಾಗ ಅದೇ ಮಾತ್ರೆ ಮತ್ತೆ ಹೊಟ್ಟೆ ಸೇರುತ್ತದೆ. ಆ ಸಲ ಗಂಧೆಗೇ ನಿಲ್ಲದೆ ಉಸಿರು ಕಟ್ಟಿದರೆ ಪ್ರಾಣಕ್ಕೇ ಅಪಾಯ. ಹಾಗಾಗದಿರಲೆಂದು ಈ ವಿಷಯವನ್ನು ನಿಮಗೆ ತಿಳಿಸುತ್ತಿದ್ದೇವೆ.

ತೊಗಟೆಯಿಂದ ಬಂದ ಔಷಧಿ

ನೋವು ಮತ್ತು ಉರಿಯೂತ ಇಳಿಸುವ ಮಾತ್ರೆಗಳಲ್ಲಿ ಆಸ್ಪಿರಿನ್ ಬಹಳ ಹಳೆಯದು. ಇದರ ಮೂಲ ಒಂದು ಮರ. ಕ್ರಿಕೆಟ್ ಬ್ಯಾಟು ಮಾಡಲು ಬಳಸುವ ವಿಲ್ಲೋ ಜಾತಿಯ ಮರದ ತೊಗಟೆ ಜ್ವರಕ್ಕೆ ಗುಣಕಾರಿ ಎಂದು ಇಂಗ್ಲೆಂಡಿನ ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿ 1763ರಲ್ಲಿ ಬರೆದು ತಿಳಿಸಿದರು. 1828ರಲ್ಲಿ ಆ ತೊಗಟೆಯ ಸಾರವಾದ ಸ್ಯಾಲಿಸಿನ್ ಅನ್ನು ಬೇರ್ಪಡಿಸಲಾಯಿತು. ಈ ದಾರಿಯಲ್ಲೇ ಮುಂದುವರಿದು 1897ರಲ್ಲಿ ಜರ್ಮನಿಯ ಬೇಯರ್ ಕಂಪನಿಯಲ್ಲಿ ಇಂದಿನ ಆಸ್ಪಿರಿನ್ ಸಿದ್ಧವಾಯಿತು. ಈಗ ಇದನ್ನು ಕಾರ್ಖಾನೆಯಲ್ಲಿಯೇ ತಯಾರಿಸುತ್ತಾರೆ.

“ಗಿಡಮೂಲಿಕೆಯಿಂದ ಬಂದದ್ದು, ಏನೂ ಆಗುವುದಿಲ್ಲ” ಎಂಬ ಮಾತನ್ನು ನಾವು ದಿನವೂ ಕೇಳುತ್ತೇವೆ. ಇದು ಸರಿಯಲ್ಲ. ಗುಣ ಮಾಡುವ ಶಕ್ತಿ ಇರುವ ವಸ್ತುವಿಗೆ ಕೆಲವರ ದೇಹದಲ್ಲಿ ಕೇಡು ಮಾಡುವ ಶಕ್ತಿಯೂ ಇರುತ್ತದೆ.

ಹಿಸ್ಟಮಿನ್ ಎಂದರೇನು?

ಹಿಸ್ಟಮಿನ್ ನಮ್ಮ ದೇಹವೇ ತಯಾರಿಸಿಕೊಳ್ಳುವ ರಾಸಾಯನಿಕ. ಚರ್ಮ, ಮೂಗು, ಶ್ವಾಸನಾಳಗಳಲ್ಲಿರುವ ಮಾಸ್ಟ್ ಕೋಶಗಳು ಇದನ್ನು ಚಿಕ್ಕ ಚಿಕ್ಕ ಚೀಲಗಳಲ್ಲಿ ತುಂಬಿಟ್ಟುಕೊಂಡಿರುತ್ತವೆ. ಜೇನುಹುಳು ಕಚ್ಚಿದಾಗ ಈ ಚೀಲಗಳು ಒಡೆದು ಹಿಸ್ಟಮಿನ್ ಹೊರಬರುತ್ತದೆ. ರಕ್ತನಾಳಗಳು ಹಿಗ್ಗಿ ನೀರು ಹೊರಗೆ ಜಿನುಗುತ್ತದೆ. ಕಚ್ಚಿದ ಜಾಗ ಕೆಂಪಾಗುವುದು, ಉಬ್ಬುವುದು, ತುರಿಸುವುದು ಹೆಚ್ಚಾಗಿ ಇದರಿಂದಲೇ. ಇದೇ ಹಿಸ್ಟಮಿನ್ ಜಠರದಲ್ಲಿ ಆಮ್ಲ ಸುರಿಯುವಂತೆಯೂ ಮಾಡುತ್ತದೆ.

ಇವೆರಡಕ್ಕೂ ಇರುವ ನಂಟು

ಆಸ್ಪಿರಿನ್ ನೋವನ್ನು ಹೇಗೆ ಇಳಿಸುತ್ತದೆ ಎಂಬುದನ್ನು 1971ರಲ್ಲಿ ಜಾನ್ ವೇನ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಅದಕ್ಕಾಗಿ 1982ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ದೇಹದಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂಬ ವಸ್ತುಗಳು ತಯಾರಾಗುವುದನ್ನು ಆಸ್ಪಿರಿನ್ ತಡೆಯುತ್ತದೆ. ನೋವು, ಬಾವು, ಜ್ವರ ಹೆಚ್ಚಿಸುವುದು ಇವೇ ವಸ್ತುಗಳು.

ಆದರೆ ಇವುಗಳಲ್ಲಿಯೇ ಒಂದು ಬಗೆಯದು ಮಾಸ್ಟ್ ಕೋಶಗಳಿಗೆ ಕಡಿವಾಣ ಹಾಕಿ ಹಿಡಿದಿರುತ್ತದೆ. ಮಾತ್ರೆ ಆ ಕಡಿವಾಣವನ್ನೂ ಸಡಿಲಿಸುತ್ತದೆ.

ಒಂದು ಕಾಲುವೆ ಎರಡು ಹೊಲಗಳಿಗೆ ಕವಲೊಡೆದಿದೆ ಎಂದುಕೊಳ್ಳಿ. ಒಂದು ಕಡೆಯ ಬಾಗಿಲು ಮುಚ್ಚಿದರೆ ನೀರೆಲ್ಲ ಇನ್ನೊಂದು ಹೊಲಕ್ಕೆ ನುಗ್ಗುತ್ತದೆ. ಹಾಗೆಯೇ ಪ್ರೋಸ್ಟಾಗ್ಲಾಂಡಿನ್ ಕಡೆಯ ದಾರಿ ಮುಚ್ಚಿದಾಗ, ಕೆಲವರಲ್ಲಿ ಲ್ಯೂಕೋಟ್ರೀನ್ ಎಂಬ ಇನ್ನೊಂದು ವಸ್ತು ಹೆಚ್ಚುತ್ತದೆ. ಇದು ಶ್ವಾಸನಾಳಗಳನ್ನು ಬಿಗಿಯುತ್ತದೆ. ಅತ್ತ ಕಡಿವಾಣ ತಪ್ಪಿದ ಮಾಸ್ಟ್ ಕೋಶಗಳು ಹಿಸ್ಟಮಿನ್ ಚೆಲ್ಲುತ್ತವೆ. ಆಗ ಗಂಧೆ, ಮುಖದ ಬಾವು, ಮೂಗು ಸೋರುವುದು, ಉಬ್ಬಸ ಕಾಣಿಸಿಕೊಳ್ಳುತ್ತವೆ. ಸಾಮಾನ್ಯವಾಗಿ ಮಾತ್ರೆ ನುಂಗಿದ ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ಹೀಗಾಗುತ್ತದೆ. ಗಂಧೆ ಇನ್ನೂ ತಡವಾಗಿಯೂ ಏಳಬಹುದು.

ಎಲ್ಲರಿಗೂ ಹೀಗಾಗುವುದಿಲ್ಲ. ಹೆಚ್ಚಿನ ಜನರಿಗೆ ಈ ಮಾತ್ರೆಯಿಂದ ಗಂಧೆಯಾಗಲಿ ಉಬ್ಬಸವಾಗಲಿ ಬರುವುದಿಲ್ಲ. ಆದರೆ ಉಬ್ಬಸವಿರುವ ದೊಡ್ಡವರಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಆಸ್ಪಿರಿನ್ ಆಗಿಬರುವುದಿಲ್ಲ. ಮೂಗಿನಲ್ಲಿ ದುರ್ಮಾಂಸ ಬೆಳೆದಿರುವವರು, ವಾರಗಟ್ಟಲೆ ಗಂಧೆ ಏಳುತ್ತಲೇ ಇರುವವರು ಸಹ ಹೆಚ್ಚು ಎಚ್ಚರದಿಂದಿರಬೇಕು.

ಹೆಸರು ಬದಲಿಸಿದರೆ ಸಾಲದು

ಐಬುಪ್ರೊಫೆನ್, ಡೈಕ್ಲೋಫೆನಾಕ್ ಮೊದಲಾದ ನೋವಿನ ಮಾತ್ರೆಗಳು ಗಿಡದಿಂದ ಬಂದವಲ್ಲ. ಆದರೂ ಅವು ಮುಚ್ಚುವುದು ಇದೇ ಬಾಗಿಲನ್ನು. ಆದ್ದರಿಂದ ಆಸ್ಪಿರಿನ್ ಆಗದವರಿಗೆ ಅನೇಕ ವೇಳೆ ಇವೂ ಆಗುವುದಿಲ್ಲ. “ಆ ಮಾತ್ರೆ ಬೇಡ, ಬೇರೆ ಕಂಪನಿಯದು ಕೊಡಿ” ಎಂದು ಅಂಗಡಿಯಲ್ಲಿ ಕೇಳುವುದು ಅಪಾಯ. ವೈದ್ಯರು ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಇಂಥವರಲ್ಲಿ ಹೆಚ್ಚಿನವರಿಗೆ ಒಗ್ಗುತ್ತದೆ.

ಕೆಲವರು ಸೆಟಿರಿಜಿನ್ ಜೊತೆಗೆ ನೋವಿನ ಮಾತ್ರೆ ನುಂಗುತ್ತಾರೆ. ಸೆಟಿರಿಜಿನ್ ಹಿಸ್ಟಮಿನ್‌ನಿಂದಾಗುವ ತುರಿಕೆ, ಗಂಧೆಯನ್ನು ಕಡಿಮೆ ಮಾಡುತ್ತದೆ ನಿಜ. ಆದರೆ ಲ್ಯೂಕೋಟ್ರೀನ್ ಬಿಗಿದ ಶ್ವಾಸನಾಳವನ್ನು ಅದು ಬಿಡಿಸಲಾರದು. ಅದನ್ನು ರಕ್ಷಾಕವಚವೆಂದು ನಂಬಬೇಡಿ.

ಹೊಟ್ಟೆಯ ಕಡೆಗೂ ಗಮನವಿರಲಿ

ಜಠರದ ಒಳಪದರವನ್ನು ಆಮ್ಲದಿಂದ ಕಾಪಾಡುವುದೂ ಪ್ರೋಸ್ಟಾಗ್ಲಾಂಡಿನ್‌ಗಳೇ. ಮಾತ್ರೆ ಆ ಕಾವಲನ್ನು ತೆಗೆಯುತ್ತದೆ. ಹಿಸ್ಟಮಿನ್ ಮಾತ್ರ ಎಂದಿನಂತೆ ಆಮ್ಲ ಸುರಿಸುತ್ತಲೇ ಇರುತ್ತದೆ. ಹೀಗಾಗಿ ಹುಣ್ಣಾಗಿ ರಕ್ತ ಸೋರಬಹುದು. ಊಟದ ನಂತರ ನುಂಗಿದರೂ ಈ ಅಪಾಯ ಪೂರ್ತಿ ತಪ್ಪುವುದಿಲ್ಲ. ಮಲ ಟಾರಿನಂತೆ ಕಪ್ಪಾದರೆ ಅಥವಾ ವಾಂತಿಯಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಬನ್ನಿ.

ರೋಗಿಗಳೂ ಜೊತೆಗಿರುವವರೂ ನೆನಪಿಡಬೇಕಾದದ್ದು

1. ಯಾವುದೇ ನೋವಿನ ಮಾತ್ರೆ ಅಥವಾ ಇಂಜೆಕ್ಷನ್ ನಂತರ ಗಂಧೆ, ಬಾವು, ಉಬ್ಬಸ ಬಂದಿದ್ದರೆ ಚೀಟಿ ಮಾಡಿಸುವಾಗಲೇ ತಿಳಿಸಿ. ಹತ್ತು ವರ್ಷ ಹಿಂದಿನದಾದರೂ ಹೇಳಿ.

2. ಆ ಮಾತ್ರೆಯ ಪಟ್ಟಿಯನ್ನು ಎಸೆಯದೆ ತಂದು ತೋರಿಸಿ. ಓದಲು ಬಾರದಿದ್ದರೂ ಚಿಂತೆಯಿಲ್ಲ, ನಾವು ಓದುತ್ತೇವೆ.

3. ಮನೆಮದ್ದು, ಬೇರಿನ ಪುಡಿ, ನೋವಿನ ಎಣ್ಣೆ ಬಳಸುತ್ತಿದ್ದರೆ ಸಂಕೋಚಪಡದೆ ಹೇಳಿ. ಯಾರೂ ಬೈಯುವುದಿಲ್ಲ.

4. ಹೃದಯದ ತೊಂದರೆಗೆಂದು ವೈದ್ಯರು ಆಸ್ಪಿರಿನ್ ಕೊಟ್ಟಿದ್ದರೆ, ಇದನ್ನು ಓದಿ ಹೆದರಿ ನೀವಾಗಿಯೇ ನಿಲ್ಲಿಸಬೇಡಿ. ಏಕಾಏಕಿ ನಿಲ್ಲಿಸಿದರೆ ಹೃದಯಾಘಾತದ ಅಪಾಯವಿದೆ. ಗಂಧೆ ಎದ್ದರೆ ಮುಂದಿನ ಮಾತ್ರೆಗೆ ಮೊದಲೇ ವೈದ್ಯರನ್ನು ಕಾಣಿ. ಅವಶ್ಯವಿದ್ದವರಿಗೆ ಆಸ್ಪತ್ರೆಯಲ್ಲೇ ಇರಿಸಿಕೊಂಡು, ಸ್ವಲ್ಪ ಸ್ವಲ್ಪವಾಗಿ ಕೊಟ್ಟು ದೇಹಕ್ಕೆ ಒಗ್ಗಿಸುವ ವಿಧಾನವೂ ಇದೆ.

5. ನಾಲಿಗೆ ಅಥವಾ ಗಂಟಲು ಬಾತರೆ, ಉಸಿರಾಟ ಕಷ್ಟವಾದರೆ, ತಲೆಸುತ್ತಿ ಬಿದ್ದರೆ ಒಂದು ಕ್ಷಣವೂ ಕಾಯಬೇಡಿ. 108ಕ್ಕೆ ಕರೆ ಮಾಡಿ. ಇಂಥ ಹೊತ್ತಿನಲ್ಲಿ ಜೀವ ಉಳಿಸುವುದು ಅಡ್ರಿನಲಿನ್ ಇಂಜೆಕ್ಷನ್, ತುರಿಕೆಯ ಮಾತ್ರೆಯಲ್ಲ.

ಕಾಯಕ ನಿಲ್ಲಬಾರದೆಂದು ನೋವನ್ನು ಮಾತ್ರೆಯಿಂದ ಅದುಮಿ ದುಡಿಯುವವರು ನಮ್ಮಲ್ಲಿ ಬಹಳ. ಮೈ ಚೆನ್ನಾಗಿದ್ದರೆ ತಾನೇ ಕಾಯಕ ನಡೆಯುವುದು? ಅಂಗಡಿಯಲ್ಲಿ ಮಾತ್ರೆ ಕೇಳುವ ಮೊದಲು ಒಮ್ಮೆ ನಮ್ಮನ್ನು ಕೇಳಿ. ಈ ಹಾಳೆಯನ್ನು ಓದಿದ ಮೇಲೆ ಮಡಚಿಡದೆ ಪಕ್ಕದ ಹಾಸಿಗೆಯವರಿಗೂ ಓದಿ ಹೇಳಿ. ಅದೂ ಒಂದು ದಾಸೋಹವೇ.