ತಂತ್ರಾಂಶಕ್ಕೂ ಬೇಕು ದಿನಚರಿ

ಹಿಂದೆ ಹಡಗಿನ ವೇಗ ತಿಳಿಯಲು ನಾವಿಕರು ಹಗ್ಗ ಕಟ್ಟಿದ ಮರದ ತುಂಡೊಂದನ್ನು ಸಮುದ್ರಕ್ಕೆ ಎಸೆಯುತ್ತಿದ್ದರು. ಆ ತುಂಡೇ ‘ಲಾಗ್’. ವೇಗವನ್ನು ಬರೆದಿಡುವ ಪುಸ್ತಕ ‘ಲಾಗ್ ಬುಕ್’ ಆಯಿತು. ಇಂದು ತಂತ್ರಾಂಶಗಳೂ ತಾವು ಮಾಡಿದ್ದನ್ನು, ಎಡವಿದ್ದನ್ನು ‘ಲಾಗ್ ಫೈಲ್’ನಲ್ಲಿ ಬರೆದಿಡುತ್ತವೆ. ರಾತ್ರಿ ಕೈಕೊಟ್ಟ ಪ್ರೋಗ್ರಾಂ ಏಕೆ ನಿಂತಿತೆಂದು ಬೆಳಿಗ್ಗೆ ಹೇಳುವ ಸಾಕ್ಷಿ ಇದೇ.

ಆದರೆ ಏನನ್ನು, ಎಷ್ಟು ಬರೆಯಬೇಕೆಂದು ನಾವೇ ಹೇಳಿಕೊಡಬೇಕು. ಪೈಥಾನ್ ಭಾಷೆಯಲ್ಲಿ 2003ರಿಂದ ಇರುವ ‘ಲಾಗಿಂಗ್’ ಸೌಲಭ್ಯವನ್ನೇ ನೋಡಿ. ಅದರಲ್ಲಿ ಐದು ಮೆಟ್ಟಿಲುಗಳು: ಡೀಬಗ್, ಇನ್ಫೋ, ವಾರ್ನಿಂಗ್, ಎರರ್, ಕ್ರಿಟಿಕಲ್. ನಾವೇನೂ ಹೇಳದಿದ್ದರೆ ವಾರ್ನಿಂಗ್ ಮತ್ತು ಅದಕ್ಕಿಂತ ಗಂಭೀರವಾದ ಸಂದೇಶಗಳಷ್ಟೇ ಬರುತ್ತವೆ. ಅವೂ ಕಡತಕ್ಕಲ್ಲ, ಪರದೆಗೆ! ‘ಇನ್ಫೋ ಎಲ್ಲಿ ಹೋಯಿತು?’ ಎಂದು ಹೊಸಬರು ತಲೆ ಕೆರೆದುಕೊಳ್ಳುವುದು ಇದಕ್ಕೇ. ಕಡತದ ಹೆಸರು, ಬೇಕಾದ ಮೆಟ್ಟಿಲು ಎರಡನ್ನೂ ಮೊದಲೇ ತಿಳಿಸಿ.

ಮಿತಿಯೂ ಇರಲಿ. ‘ರೊಟೇಟಿಂಗ್ ಫೈಲ್ ಹ್ಯಾಂಡ್ಲರ್’ಗೆ 10 ಲಕ್ಷ ಬೈಟ್, 5 ಹಳೆಯ ಪ್ರತಿ ಎಂದರೆ, ಕಡತ ತುಂಬಿದಾಗ ಹೊಸದನ್ನು ತೆರೆಯುತ್ತದೆ, ಐದಕ್ಕಿಂತ ಹಳೆಯದನ್ನು ಅಳಿಸುತ್ತದೆ. ಮಿತಿಯಿಲ್ಲದಿದ್ದರೆ ಕಡತ ಬೆಳೆಬೆಳೆದು ಡಿಸ್ಕನ್ನೇ ನುಂಗೀತು.

ಬರೆಯಬಾರದ್ದೂ ಉಂಟು. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ ಸುಮಾರು 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸುವಂತೆ ಸಲಹೆ ನೀಡಿತು. ಕಾರಣ, ಸಣ್ಣದೊಂದು ದೋಷದಿಂದ ಪಾಸ್‌ವರ್ಡ್‌ಗಳು ಇದ್ದಂತೆಯೇ ಸಂಸ್ಥೆಯ ಒಳಗಿನ ಲಾಗ್‌ಗೆ ಸೇರಿದ್ದವು.

ಪಾಲಕರೇ, ಮಕ್ಕಳ ಪ್ರಾಜೆಕ್ಟ್ ನೋಡುವಾಗ ಒಂದು ಮಾತು ಕೇಳಿ: ‘ಇದು ಕೆಟ್ಟರೆ ಕಾರಣ ಎಲ್ಲಿ ಸಿಗುತ್ತದೆ?’ ಉತ್ತರ ತಿಳಿದ ವಿದ್ಯಾರ್ಥಿ ಅರ್ಧ ಗೆದ್ದಂತೆ.